ಕಲ್ಲಿನ ಹದ: ಕರ್ಲಿಂಗ್ ಆಟಗಾರ್ತಿಯೊಬ್ಬಳು ತಯಾರಾಗುವ ಬಗೆ

ಐಸ್‌ನ ಮೇಲೆ ಭಾರದ ಕಲ್ಲನ್ನು ಜಾರಿಸಿ, ಆಚೆ ತುದಿಯ ವೃತ್ತದ ನಡುವೆ ನಿಲ್ಲಿಸುವ ಆಟ ಕರ್ಲಿಂಗ್. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಕರ್ಲಿಂಗ್ ಲೀಗ್ ಹಂತ ಮುಗಿದಾಗ ಬ್ರಿಟನ್, ಜಪಾನ್, ಕೆನಡಾ ಮೂರೂ ತಂಡಗಳ ಲೆಕ್ಕ ಒಂದೇ ಆಗಿತ್ತು: 5 ಗೆಲುವು, 4 ಸೋಲು. ಸೆಮಿಫೈನಲ್‌ನಲ್ಲಿ ಉಳಿದದ್ದು ಎರಡೇ ಜಾಗ. ಇವರವರೇ ಆಡಿದ ಪಂದ್ಯ ನೋಡಿ ತೀರ್ಮಾನಿಸೋಣ ಅಂದರೆ ಅಲ್ಲೂ ಸುತ್ತು. ಬ್ರಿಟನ್ ಜಪಾನನ್ನು ಸೋಲಿಸಿತ್ತು, ಜಪಾನ್ ಕೆನಡಾವನ್ನು, ಕೆನಡಾ ಬ್ರಿಟನ್ನನ್ನು. ಕೊನೆಗೆ ಗಂಟು ಬಿಡಿಸಿದ್ದು ಪಂದ್ಯ ಶುರುವಾಗುವ ಮೊದಲು ಪ್ರತಿ ತಂಡ ಬಿಡುವ ಎರಡು ಕಲ್ಲುಗಳು. ಅವು ಗುರಿಯ ನಡುಬಿಂದುವಿನಿಂದ ಎಷ್ಟು ದೂರ ನಿಂತವು ಎಂದು ಪ್ರತಿ ಬಾರಿಯೂ ಅಳೆದು ಬರೆದಿಟ್ಟಿರುತ್ತಾರೆ. ಆ ಅಳತೆಗಳ ಸರಾಸರಿಯಲ್ಲಿ ಕೆನಡಾ ಹಿಂದೆ ಬಿತ್ತು, ಮನೆಗೆ ಹೋಯಿತು. ಬ್ರಿಟನ್ ಒಳಗೆ ಬಂತು. ಸೆಮಿಫೈನಲ್‌ನಲ್ಲಿ ಸ್ವೀಡನ್ ವಿರುದ್ಧ ಹೆಚ್ಚುವರಿ ಎಂಡ್, ಅಂದರೆ ಸುತ್ತು, ಆಡಿ 12-11ರಿಂದ ಗೆದ್ದು, ಫೈನಲ್‌ನಲ್ಲಿ ಜಪಾನನ್ನು 10-3ರಿಂದ ಮಣಿಸಿ ಚಿನ್ನ ತಗೊಂಡಿತು.

ಎದುರಾಳಿಯೇ ಇಲ್ಲದ, ಅಡ್ಡ ಯಾವ ಕಲ್ಲೂ ಇಲ್ಲದ ಖಾಲಿ ಹಾದಿಯಲ್ಲಿ ಒಂದು ಕಲ್ಲನ್ನು ನಡುಬಿಂದುವಿನ ಮೇಲೆ ನಿಲ್ಲಿಸುವುದು ಕೇಳಲು ಸುಲಭ. ಈ ಆಟದ ಅತಿ ಕಷ್ಟದ ಕೆಲಸ ಅದೇ. ಎದುರಾಳಿಯ ಕಲ್ಲಿಗೆ ಹೊಡೆಯುವುದನ್ನು ಒಂದೆರಡು ವರ್ಷದಲ್ಲಿ ಕಲಿಯಬಹುದು, ನಿಲ್ಲಿಸುವುದಕ್ಕೆ ಬಾಲ್ಯವೇ ಬೇಕು. ಕರ್ಲಿಂಗ್‌ನವರು ಕಲ್ಲಿನ ವೇಗಕ್ಕೆ ‘ವೇಟ್’ ಅನ್ನುತ್ತಾರೆ. ಕನ್ನಡದಲ್ಲಿ ತೂಕ ಅಂದರೆ ಅರ್ಥ ಕೆಡುತ್ತದೆ. ಸರಿಯಾದ ಮಾತು ಹದ. ಪಾಕದ ಹದ ಇದ್ದ ಹಾಗೆ, ಹೇಳಿ ಕೊಡಲಾಗದು, ಮಾಡಿ ಮಾಡಿ ಕೈಗೆ ಹತ್ತಬೇಕು.

ಆ ಬ್ರಿಟಿಷ್ ತಂಡದ ಸ್ಕಿಪ್, ಅಂದರೆ ನಾಯಕಿ, ಈವ್ ಮ್ಯೂರ್‌ಹೆಡ್. 1990ರ ಏಪ್ರಿಲ್‌ನಲ್ಲಿ ಸ್ಕಾಟ್ಲೆಂಡಿನ ಪರ್ತ್‌ನಲ್ಲಿ ಹುಟ್ಟಿ, ಬ್ಲೇರ್ ಅಥೋಲ್ ಎಂಬ ಹಳ್ಳಿಯಲ್ಲಿ ಕುರಿ ಸಾಕುವ ಮನೆಯಲ್ಲಿ ಬೆಳೆದವಳು. ತಂದೆ ಗಾರ್ಡನ್ ಸ್ಕಾಟ್ಲೆಂಡ್ ಪರವಾಗಿ ವಿಶ್ವ ಚಾಂಪಿಯನ್‌ಶಿಪ್ ಆಡಿದವರು. ಗ್ಲೆನ್, ಥಾಮಸ್ ಎಂಬ ಇಬ್ಬರು ಸೋದರರೂ ಕರ್ಲರ್‌ಗಳೇ, 2018ರ ಒಲಿಂಪಿಕ್ಸ್‌ಗೆ ಮೂವರೂ ಹೋಗಿದ್ದರು. ಈವ್‌ಗೆ ಗಾಲ್ಫ್ ಕೂಡ ಚೆನ್ನಾಗಿ ಬರುತ್ತಿತ್ತು; ಅಮೆರಿಕದ ಕಾಲೇಜುಗಳಿಂದ ಬಂದ ಗಾಲ್ಫ್ ವಿದ್ಯಾರ್ಥಿವೇತನ ಬೇಡವೆಂದು ಐಸ್‌ನ ಮೇಲೆಯೇ ಉಳಿದಳು. ಜೂನಿಯರ್ ವಿಶ್ವ ಪ್ರಶಸ್ತಿ ನಾಲ್ಕು ಸಲ: 2007, 2008, 2009, 2011. ನಾಲ್ಕನೆಯದು ಹುಟ್ಟೂರು ಪರ್ತ್‌ನಲ್ಲೇ. ಹಿಂದಿನ ಜೂನ್ 30ಕ್ಕೆ 21 ತುಂಬಿರಬಾರದು ಎಂಬುದು ಜೂನಿಯರ್ ನಿಯಮ, ಹಾಗಾಗಿ 2011ರ ಮಾರ್ಚ್ ಅವಳ ಕೊನೆಯ ಅವಕಾಶ. ನಡುವೆ 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ 19ರ ಹರೆಯದಲ್ಲೇ ದೇಶದ ಸ್ಕಿಪ್ ಆಗಿದ್ದಳು.

ಅಪ್ಪ ಆಟಗಾರನಾದರೆ ಮಗಳೂ ಆಗುತ್ತಾಳೆ ಎಂಬ ಸಾಮಾನ್ಯ ಮಾತಿಗೆ ಈ ಆಟದಲ್ಲಿ ಲೆಕ್ಕದ ಕಾರಣವೂ ಇದೆ. ಕ್ರಿಕೆಟ್ಟನ್ನು ಬೀದಿಯಲ್ಲಿ, ಕೇರಂ ಅನ್ನು ಜಗುಲಿಯಲ್ಲಿ ಕಲಿಯಬಹುದು. ಕರ್ಲಿಂಗ್‌ಗೆ ಅದಕ್ಕೆಂದೇ ಮಾಡಿದ ಐಸ್ ಬೇಕು. ಸ್ಕೇಟಿಂಗ್ ಮಾಡುವ ಐಸ್ ಕೂಡ ನಡೆಯದು. ಹಾಗಾಗಿ ರಿಂಕ್‌ಗೆ ಅಂದರೆ ಅಂಥ ಐಸ್ ಇರುವ ಅಂಕಣಕ್ಕೆ ಹೋಗಿಬರುವ ಮನೆಯ ಮಗುವಿಗೆ ಸಿಗುವ ಐಸ್-ಗಂಟೆಗಳೇ ಅದರ ಆಸ್ತಿ.

ಐಸ್ ಎಂದರೆ ನುಣುಪಲ್ಲ

ಕರ್ಲಿಂಗ್ ಅಂಕಣಕ್ಕೆ ಶೀಟ್ ಅನ್ನುತ್ತಾರೆ. ಉದ್ದ 45.72 ಮೀಟರ್, ಅಗಲ ಹೆಚ್ಚೆಂದರೆ 5 ಮೀಟರ್. ಎರಡೂ ತುದಿಗೆ 12 ಅಡಿ ವ್ಯಾಸದ ವೃತ್ತಗಳು, ಅದು ‘ಹೌಸ್’, ನಾವು ಮನೆ ಅನ್ನೋಣ. ಮನೆಯೊಳಗೆ 8 ಅಡಿ, 4 ಅಡಿಯ ವೃತ್ತಗಳು, ನಟ್ಟನಡುವೆ ಬಟನ್. ಬಟನ್ ಮೂಲಕ ಹಾಯುವ ಅಡ್ಡಗೆರೆ ಟೀ ಲೈನ್, ಅದರಿಂದ 21 ಅಡಿ ಮುಂದೆ ಹಾಗ್ ಲೈನ್. ಆಟಗಾರ ಕಾಲೂರುವ ರಬ್ಬರ್ ಮೆಟ್ಟು, ಅಂದರೆ ಹ್ಯಾಕ್, ಟೀ ಲೈನ್‌ಗಿಂತ 12 ಅಡಿ ಹಿಂದೆ. ಒಂದು ತುದಿಯ ಹಾಗ್ ಲೈನ್ ಮುಟ್ಟುವ ಮೊದಲೇ ಕಲ್ಲು ಕೈಬಿಡಬೇಕು, ಆಚೆ ತುದಿಯ ಹಾಗ್ ಲೈನ್ ಅದು ಪೂರ್ತಿ ದಾಟಬೇಕು.

ಕನ್ನಡಿಯಂಥ ನುಣುಪು ಐಸ್‌ನ ಮೇಲೆ ಕಲ್ಲು ಬಿಟ್ಟರೆ ಅದು ಅಷ್ಟು ದೂರ ಹೋಗುವುದೇ ಇಲ್ಲ. ತಳ ಐಸ್‌ಗೆ ಅಂಟಿಕೊಂಡಂತಾಗಿ ಬೇಗ ನಿಂತುಬಿಡುತ್ತದೆ. ಅದಕ್ಕೇ ಐಸ್ ನೋಡಿಕೊಳ್ಳುವವರು ಬೆನ್ನಿಗೆ ನೀರಿನ ಡಬ್ಬಿ ಕಟ್ಟಿಕೊಂಡು, ಹಿಮ್ಮುಖವಾಗಿ ನಡೆಯುತ್ತಾ, ಕೈಯಲ್ಲಿನ ಜಾಲರಿಯಿಂದ ಖನಿಜ ತೆಗೆದ ಬಿಸಿ ನೀರಿನ ಹನಿ ಸಿಂಪಡಿಸುತ್ತಾರೆ. ಸುಮಾರು ಮೈನಸ್ 5 ಡಿಗ್ರಿಯ ಐಸ್‌ಗೆ ಬಿದ್ದ ಹನಿ ಬಿದ್ದಲ್ಲೇ ಗಟ್ಟಿಯಾಗಿ ಸಣ್ಣ ಉಬ್ಬಾಗುತ್ತದೆ. ಇದೇ ಪೆಬಲ್. ಆಮೇಲೆ ಅಗಲ ಅಲಗಿನಿಂದ ಉಬ್ಬುಗಳ ತುದಿ ಸವರಿ ಎತ್ತರ ಒಂದೇ ಸಮಕ್ಕೆ ತರುತ್ತಾರೆ. ಕೇರಂ ಬೋರ್ಡಿಗೆ ಪೌಡರ್ ಉದುರಿಸುವುದು ಯಾಕೋ ಇದೂ ಅದಕ್ಕೇ: ತಳಕ್ಕೂ ಹಲಗೆಗೂ ತಾಗುವ ಜಾಗ ಕಡಿಮೆಯಾಗಲಿ ಅಂತ.

ಆದರೆ ಪೆಬಲ್ ಸವೆಯುತ್ತದೆ. ಒಂದು ಎಂಡ್‌ಗೆ 16 ಕಲ್ಲು, ಅದರ ಜೊತೆ ಬ್ರಷ್‌ಗಳು, ಬೂಟುಗಳು. ಹೆಚ್ಚು ಕಲ್ಲು ಓಡಾಡಿದ ನಡುಭಾಗ ಬರಬರುತ್ತಾ ಚುರುಕಾಗುತ್ತದೆ, ಯಾರೂ ಆಡದ ಅಂಚು ಮಂದವಾಗಿಯೇ ಉಳಿಯುತ್ತದೆ. ಸಭಾಂಗಣದಲ್ಲಿ ಜನ ತುಂಬಿದರೆ ಅವರ ಉಸಿರಿನ ತೇವ ಐಸ್‌ನ ಮೇಲೆ ಹಿಮದ ಪುಡಿಯಾಗಿ ಕೂತು ಕಲ್ಲನ್ನು ಹಿಡಿಯುತ್ತದೆ. ಎರಡನೇ ಎಂಡ್‌ನಲ್ಲಿ ಬಟನ್‌ಗೆ ಹೋದ ಹದ ಎಂಟನೇ ಎಂಡ್‌ನಲ್ಲಿ ಮನೆಯಾಚೆ ಹೋಗಬಹುದು. ಅದಕ್ಕೇ ಒಳ್ಳೆ ಜೂನಿಯರ್ ತಂಡಗಳು ಪಂದ್ಯದುದ್ದಕ್ಕೂ ಪ್ರತಿ ಕಲ್ಲಿನ ಸಮಯ, ಅದು ನಿಂತ ಜಾಗ ನೆನಪಿಡುತ್ತವೆ.

20 ಕಿಲೋ ಕಲ್ಲು

ಕಲ್ಲಿನ ತೂಕ ಹಿಡಿ ಸೇರಿ 17.24ರಿಂದ 19.96 ಕಿಲೋ ಒಳಗಿರಬೇಕು, ಸುತ್ತಳತೆ 91.44 ಸೆಂಟಿಮೀಟರ್ ಮೀರಬಾರದು. ಒಲಿಂಪಿಕ್ಸ್ ಕಲ್ಲುಗಳು ಬರುವುದು ಸ್ಕಾಟ್ಲೆಂಡಿನ ಪಶ್ಚಿಮ ತೀರದ ಐಲ್ಸಾ ಕ್ರೇಗ್ ಎಂಬ ಪುಟ್ಟ ದ್ವೀಪದ ಗ್ರಾನೈಟ್‌ನಿಂದ. ಅದನ್ನು ಕಡೆದು ಕೊಡುವುದು ಮಾಕ್ಲಿನ್ ಊರಿನಲ್ಲಿ 1851ರಿಂದ ಇರುವ ಕೇಸ್ ಕಂಪನಿ. ದ್ವೀಪ ಈಗ ಪಕ್ಷಿಧಾಮ, ಸಿಡಿಮದ್ದು ಹಾಕುವಂತಿಲ್ಲ. ಹಿಂದೆ ಒಡೆದು ಬಿದ್ದ ಬಂಡೆಗಳನ್ನು ಹಲವು ವರ್ಷಗಳಿಗೊಮ್ಮೆ ದೋಣಿಯಲ್ಲಿ ತರುತ್ತಾರೆ.

ಇಳಕಲ್ಲಿನ ಕೆಂಪು ಗ್ರಾನೈಟ್ ಕಂಡವರಿಗೆ ಕೇಳಬೇಕೆನಿಸಬಹುದು, ಗ್ರಾನೈಟ್‌ಗೆ ಅಷ್ಟು ದೂರ ಯಾಕೆ ಹೋಗಬೇಕು? ಕರ್ಲಿಂಗ್ ಕಲ್ಲಿಗೆ ಎರಡು ಬೇರೆ ಗುಣ ಬೇಕು. ಐಸ್‌ಗೆ ತಾಗುವ ತಳ ನೀರು ಹೀರಬಾರದು. ಹೀರಿದ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಕಲ್ಲಿನ ಕಣ ಎದ್ದುಬರುತ್ತದೆ. ಇದಕ್ಕೆ ತೀರ ಸಣ್ಣ ಕಣದ ‘ಬ್ಲೂ ಹೋನ್’. ಬದಿಗೆ ಪೆಟ್ಟು ತಡೆಯುವ ಗಡಸು ಬೇಕು, ಅಲ್ಲಿಗೆ ‘ಕಾಮನ್ ಗ್ರೀನ್’. ಎರಡೂ ಸಿಗುವುದು ಅದೇ ದ್ವೀಪದಲ್ಲಿ. ಹಾಗಾಗಿ ಕಾಮನ್ ಗ್ರೀನ್ ಒಡಲಿಗೆ ಬ್ಲೂ ಹೋನ್ ತಳ ಕೂರಿಸುತ್ತಾರೆ. ತಳ ಪೂರ್ತಿ ಚಪ್ಪಟೆಯಲ್ಲ, ತಟ್ಟೆ ಕವುಚಿದ ಹಾಗೆ ಒಳಗೆ ಬಾಗಿರುತ್ತದೆ. ಐಸ್‌ಗೆ ತಾಗುವುದು ಕೆಲವೇ ಮಿಲಿಮೀಟರ್ ಅಗಲದ ಒಂದು ಉಂಗುರ ಮಾತ್ರ. ಇಡೀ ಆಟ ಆ ಉಂಗುರ ಮತ್ತು ಪೆಬಲ್‌ನ ನಡುವೆ ನಡೆಯುವ ವ್ಯವಹಾರ.

ಕಲ್ಲು ಎಸೆಯುವುದಿಲ್ಲ, ಬಿಡುತ್ತಾರೆ

ಬಲಗೈ ಆಟಗಾರ್ತಿಯಾದರೆ ಬಲಗಾಲು ಹ್ಯಾಕ್‌ನಲ್ಲಿ. ಎಡ ಬೂಟಿನ ಅಡಿಗೆ ಜಾರುವ ಟೆಫ್ಲಾನ್, ಎಡಗೈಯಲ್ಲಿ ಸಮತೋಲಕ್ಕೆ ಬ್ರಷ್. ಕುಕ್ಕರಗಾಲಲ್ಲಿ ಕೂತು ಸೊಂಟ ತುಸು ಎತ್ತಿ ಕಲ್ಲು, ಎಡಗಾಲು ಎರಡನ್ನೂ ಹಿಂದಕ್ಕೆ ಎಳೆಯಬೇಕು. ಆಮೇಲೆ ಕಲ್ಲು ಮೊದಲು ಮುಂದೆ, ಹಿಂದೆಯೇ ಎಡಗಾಲು, ಕೊನೆಗೆ ಬಲಗಾಲಿನ ಒದೆತ. ವೇಗ ಹುಟ್ಟುವುದು ಕಾಲಿನಿಂದ, ತೋಳಿನಿಂದಲ್ಲ. ಜಾರುವಾಗ ಎಡ ಪಾದ ಎದೆಯ ಕೆಳಗೇ ಇರಬೇಕು, ಬಲಗಾಲು ಹಿಂದೆ ನೇರ ಚಾಚಿರಬೇಕು. ಎಡ ಸೊಂಟ, ಮೊಣಕಾಲು ಪೂರಾ ಮಡಚುವ ಈ ಭಂಗಿ ವರ್ಷಾನುಗಟ್ಟಲೆ ಮಾಡಿದರೆ ಕೀಲುಗಳು ದಣಿಯುತ್ತವೆ. ಈವ್‌ಗೂ 2018ರಲ್ಲಿ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆ ಆಯಿತು.

ಮಕ್ಕಳು ಮಾಡುವ ಮೊದಲ ತಪ್ಪು ಕಲ್ಲಿನ ಮೇಲೆ ಮೈಭಾರ ಹಾಕುವುದು. ಕಲ್ಲು ಊರುಗೋಲಾದರೆ ಬಿಡುವ ಗಳಿಗೆಯಲ್ಲಿ ಮೈ ಕುಸಿಯುತ್ತದೆ, ದಿಕ್ಕು ತಪ್ಪುತ್ತದೆ. ಇದಕ್ಕೆ ಮದ್ದು, ಕಲ್ಲೇ ಇಲ್ಲದೆ ಜಾರುವ ಅಭ್ಯಾಸ. ಎರಡನೆಯ ತಪ್ಪು, ಜಾರುಗಾಲು ಪಕ್ಕಕ್ಕೆ ಸರಿಯುವುದು. ಆಗ ಇಡೀ ದೇಹ ಓರೆಯಾಗಿ ತೇಲುತ್ತದೆ, ಅದನ್ನು ಸರಿಪಡಿಸಲು ಕೈ ಕೊನೇ ಕ್ಷಣದಲ್ಲಿ ಕಲ್ಲನ್ನು ತಳ್ಳುತ್ತದೆ. ಕೊನೆಯ ಆ ತಳ್ಳು ಹದವನ್ನೇ ನುಂಗುತ್ತದೆ. ವೇಗ ಸಾಲದು ಅನ್ನಿಸಿದಾಗ ತೋಳು ಚಾಚಿ ನೂಕುವುದು ದೊಡ್ಡವರಲ್ಲೂ ಇರುವ ಚಾಳಿ.

ಕಲ್ಲು ತಿರುಗುತ್ತಾ ಹೋಗಬೇಕು. ಹಿಡಿಯನ್ನು ಗಡಿಯಾರದ 10 ಅಥವಾ 2 ಗಂಟೆಯ ಕಡೆಗೆ ಇಟ್ಟು, ಬಿಡುವ ಕೊನೆಯ ಒಂದೆರಡು ಅಡಿಯಲ್ಲಿ ಮೆಲ್ಲಗೆ 12ಕ್ಕೆ ತಂದು, ಕೈಕುಲುಕಿ ಬಿಟ್ಟ ಹಾಗೆ ಬಿಡುತ್ತಾರೆ. ಇಡೀ ಹಾದಿಯಲ್ಲಿ ಎರಡೂವರೆ, ಮೂರು ಸುತ್ತು ತಿರುಗಿದರೆ ಸಾಕು. ಜಾಸ್ತಿ ತಿರುಗಿಸಿದರೆ ಬಾಗದೆ ನೇರ ಹೋಗುತ್ತದೆ. ಕಮ್ಮಿಯಾದರೆ ಅರ್ಧ ದಾರಿಯಲ್ಲಿ ತಿರುಗು ನಿಂತು, ಉಲ್ಟಾ ತಿರುಗಿ, ಎತ್ತಲೋ ಹೋಗುತ್ತದೆ. ದೊಡ್ಡ ಪಂದ್ಯಗಳಲ್ಲಿ ಹಿಡಿಯೊಳಗೆ ಸೆನ್ಸರ್ ಇರುತ್ತದೆ: ಹಾಗ್ ಲೈನ್‌ಗೆ ಮೊದಲೇ ಕೈಬಿಟ್ಟರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು. ಕೆಂಪು ಬಂದ ಕಲ್ಲು ಆಟದಿಂದ ಹೊರಗೆ.

ಇನ್ನು ಬಾಗುವ ವಿಷಯ. ಮೇಜಿನ ಮೇಲೆ ಒಂದು ಲೋಟ ಕವುಚಿ, ಗಡಿಯಾರದ ದಿಕ್ಕಿಗೆ ತಿರುಗಿಸುತ್ತಾ ಮುಂದೆ ತಳ್ಳಿ ನೋಡಿ. ಅದು ಎಡಕ್ಕೆ ಸರಿಯುತ್ತದೆ. ಕರ್ಲಿಂಗ್ ಕಲ್ಲು ತದ್ವಿರುದ್ಧ: ಗಡಿಯಾರದ ದಿಕ್ಕಿಗೆ ತಿರುಗಿದರೆ ಬಲಕ್ಕೆ ಬಾಗುತ್ತದೆ, ಅದೂ ಒಂದು ಮೀಟರಿಗಿಂತ ಹೆಚ್ಚು. ಯಾಕೆ ಎಂಬ ಜಗಳ ಭೌತವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಕಲ್ಲಿನ ಮುಂಭಾಗ ಐಸ್‌ನಲ್ಲಿ ಎಳೆದ ಸೂಕ್ಷ್ಮ ಗೀರುಗಳನ್ನು ಹಿಂಭಾಗ ಹಿಡಿದು ವಾಲುತ್ತದೆ ಎಂದು 2013ರಲ್ಲಿ ಸ್ವೀಡನ್ನಿನ ಉಪ್ಸಾಲಾದ ಸಂಶೋಧಕರು ಹೇಳಿದರು. ಗಡಿಯಾರದ ದಿಕ್ಕಿಗೆ ತಿರುಗುವ ಕಲ್ಲಿನ ಬಲಬದಿ ಐಸ್‌ನ ಮೇಲೆ ನಿಧಾನವಾಗಿ ಸಾಗುತ್ತದೆ, ನಿಧಾನದ ಕಡೆ ಘರ್ಷಣೆ ಹೆಚ್ಚು, ಆದ್ದರಿಂದ ಆ ಕಡೆಗೇ ಹೊರಳುತ್ತದೆ ಎಂಬುದು 2022ರಲ್ಲಿ ಜಪಾನಿನ ಜಿರೊ ಮುರಾಟಾ ಅವರ ಸೂಕ್ಷ್ಮ ಅಳತೆಗಳಿಂದ ಬಂದ ವಿವರಣೆ. ಹದಿನಾಲ್ಕರ ಹುಡುಗಿಗೆ ಇದ್ಯಾವುದೂ ಗೊತ್ತಿರಬೇಕಿಲ್ಲ. ವೇಗ ಇಳಿದ ಹಾಗೆ ಬಾಗು ಹೆಚ್ಚುತ್ತದೆ, ಕೊನೆಯ ಕೆಲವು ಮೀಟರುಗಳಲ್ಲೇ ಕಲ್ಲು ಬಹುಪಾಲು ತಿರುವು ತೋರಿಸುತ್ತದೆ ಎಂಬುದು ಕಣ್ಣಿಗೆ ಕೂತಿದ್ದರೆ ಆಯಿತು.

ಹದವನ್ನು ಅಳೆಯುವುದು ಸ್ಟಾಪ್‌ವಾಚ್‌ನಿಂದ. ಆಟಗಾರ್ತಿಯ ಜೊತೆ ಜಾರುವ ಕಲ್ಲು ಮನೆಯ ಹಿಂಗೆರೆ ದಾಟಿದಲ್ಲಿಂದ ಹತ್ತಿರದ ಹಾಗ್ ಲೈನ್ ದಾಟುವವರೆಗೆ, 27 ಅಡಿಗೆ, ಎಷ್ಟು ಸೆಕೆಂಡು? ಬಟನ್‌ಗೆ ಹೋಗುವ ಕಲ್ಲಾದರೆ 3.7ರಿಂದ 4ರ ಆಸುಪಾಸು. 0.1 ಸೆಕೆಂಡು ಹೆಚ್ಚುಕಮ್ಮಿಯಾದರೆ ಕಲ್ಲು ನಿಲ್ಲುವ ಜಾಗ ಒಂದೂವರೆ ಮೀಟರಿಗೂ ಹೆಚ್ಚು ಆಚೀಚೆ. ಇನ್ನೊಂದು ಅಳತೆ ಹತ್ತಿರದ ಹಾಗ್ ಲೈನ್‌ನಿಂದ ದೂರದ ಬಟನ್‌ನಲ್ಲಿ ನಿಲ್ಲುವವರೆಗಿನ ಸಮಯ: ಒಳ್ಳೆ ಐಸ್‌ನಲ್ಲಿ 24, 25 ಸೆಕೆಂಡು. ಇಲ್ಲೊಂದು ಎಡವಟ್ಟು ಎಲ್ಲ ಹೊಸಬರನ್ನೂ ಕಾಡುತ್ತದೆ. ಐಸ್ ಚುರುಕಾದಷ್ಟೂ ಈ ಸಮಯ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ. ಚುರುಕು ಐಸ್‌ನಲ್ಲಿ ಕಲ್ಲನ್ನು ಮೆಲ್ಲಗೆ ಬಿಟ್ಟರೂ ಸಾಕು, ಅದು ನಿಧಾನವಾಗಿ ಜಾರಿಕೊಂಡು ಹೋಗುತ್ತದಲ್ಲ!

ಗುಡಿಸುವವರು

ಟಿ.ವಿ.ಯಲ್ಲಿ ನೋಡಿದ ನಮ್ಮವರು ನಗುವುದು ಇಲ್ಲೇ, ಐಸ್ ಗುಡಿಸುವ ಆಟವೆಂದು. ಬ್ರಷ್ ಒತ್ತಿ ತಿಕ್ಕಿದಾಗ ಪೆಬಲ್‌ನ ಮೇಲ್ಮೈ ಕ್ಷಣಕಾಲ ಬೆಚ್ಚಗಾಗಿ ಘರ್ಷಣೆ ಇಳಿಯುತ್ತದೆ. ಕಲ್ಲು ಎರಡು ಮೂರು ಮೀಟರ್ ಹೆಚ್ಚು ಹೋಗುತ್ತದೆ, ಬಾಗುವುದು ತಡವಾಗುತ್ತದೆ. ಗುಡಿಸಿ ಕಲ್ಲನ್ನು ಮುಂದೆ ಕಳಿಸಬಹುದೇ ಹೊರತು ಹಿಂದೆ ಎಳೆಯಲಾಗದು. ಆದ್ದರಿಂದ ಜಾಣರು ಒಂಚೂರು ಕಡಿಮೆ ಹದದಲ್ಲೇ ಬಿಟ್ಟು ಉಳಿದದ್ದನ್ನು ಬ್ರಷ್‌ಗೆ ಒಪ್ಪಿಸುತ್ತಾರೆ. ವೇಗ ನೋಡುವುದು ಪಕ್ಕದಲ್ಲೇ ಓಡುವ ಇಬ್ಬರು ಸ್ವೀಪರ್‌ಗಳ ಕೆಲಸ, ದಿಕ್ಕು ನೋಡುವುದು ದೂರದ ಮನೆಯಲ್ಲಿ ನಿಂತ ಸ್ಕಿಪ್ ಕೆಲಸ. ಕಲ್ಲು ಎಲ್ಲಿ ನಿಲ್ಲಬಹುದು ಎಂದು ಸ್ವೀಪರ್‌ಗಳು ಅಂಕಿಯಲ್ಲಿ ಕೂಗುತ್ತಾರೆ: 1, 2, 3 ಅಂದರೆ ಮನೆಯ ಮುಂದೆ ಕಾವಲಾಗಿ ನಿಲ್ಲುತ್ತದೆ, 7 ಅಂದರೆ ಬಟನ್, 10 ಅಂದರೆ ಮನೆಯ ಹಿಂಬದಿ. ಸ್ಕಿಪ್ ‘ಹರ್ರಿ, ಹಾರ್ಡ್’ ಎಂದು ಅರಚಿದರೆ ಜೋರಾಗಿ ತಿಕ್ಕಬೇಕು, ‘ವೋ’ ಅಂದರೆ ಬ್ರಷ್ ಎತ್ತಬೇಕು. ಬ್ರಷ್ ಕಲ್ಲಿಗೆ ತಾಗಿದರೆ ತಾಗಿಸಿದವರೇ ಒಪ್ಪಿಕೊಳ್ಳುವುದು ರೂಢಿ.

2015-16ರ ಋತುವಿನಲ್ಲಿ ಕೆಲವು ಬ್ರಷ್‌ಗಳ ಒರಟು ಬಟ್ಟೆ ಐಸ್ ಅನ್ನೇ ಗೀರಿ ಕಲ್ಲನ್ನು ಬೇಕಾದತ್ತ ತಿರುಗಿಸತೊಡಗಿತು. ಬಿಡುವವರ ಕೈಗಿಂತ ಗುಡಿಸುವವರ ಬಟ್ಟೆ ಮೇಲಾದರೆ ಆಟ ಎಲ್ಲಿ ಉಳಿಯಿತು? ದೊಡ್ಡ ಗಲಾಟೆಯಾಗಿ, 2016ರಲ್ಲಿ ವಿಶ್ವ ಕರ್ಲಿಂಗ್ ಸಂಸ್ಥೆ ಎಲ್ಲರಿಗೂ ಒಂದೇ ಬಗೆಯ ಬಟ್ಟೆ ಗೊತ್ತುಮಾಡಿತು.

ಇವೆಲ್ಲ ಸರಿಯಿದ್ದೂ ಕೈಕೊಡುವ ಒಂದು ಸಂಗತಿಯುಂಟು. ಬ್ರಷ್‌ನಿಂದ ಉದುರಿದ ಒಂದು ಕೂದಲೆಳೆ, ಬೂಟಿನಿಂದ ಬಿದ್ದ ಒಂದು ಕಸ ಕಲ್ಲಿನ ಉಂಗುರದಡಿ ಸಿಕ್ಕಿಕೊಂಡರೆ ಕಲ್ಲು ಗಕ್ಕನೆ ತಿರುಗಿ ದಾರಿ ಬಿಡುತ್ತದೆ. ಇದಕ್ಕೆ ‘ಪಿಕ್’ ಅನ್ನುತ್ತಾರೆ. ಮತ್ತೆ ಬಿಡಲು ಅವಕಾಶವಿಲ್ಲ. ಅದಕ್ಕೇ ಬಿಡುವ ಮುಂಚೆ ಕಲ್ಲನ್ನು ಓರೆ ಮಾಡಿ ತಳ ಒರೆಸುವುದು ಎಲ್ಲರ ಅಭ್ಯಾಸ.

ಕೊನೆಯ ಕಲ್ಲಿನ ಲೆಕ್ಕ

ತಂಡದಲ್ಲಿ ನಾಲ್ವರು: ಲೀಡ್, ಸೆಕೆಂಡ್, ಥರ್ಡ್, ಸ್ಕಿಪ್. ಒಬ್ಬೊಬ್ಬರಿಗೆ ಎರಡೆರಡು ಕಲ್ಲು, ಎದುರಾಳಿಯೊಂದಿಗೆ ಸರದಿಯಂತೆ. 16 ಕಲ್ಲು ಮುಗಿದರೆ ಒಂದು ಎಂಡ್, ಒಲಿಂಪಿಕ್ಸ್ ಪಂದ್ಯಕ್ಕೆ 10 ಎಂಡ್. ಒಂದು ಎಂಡ್‌ನಲ್ಲಿ ಅಂಕ ಒಂದೇ ತಂಡಕ್ಕೆ: ಬಟನ್‌ಗೆ ಅತಿ ಹತ್ತಿರದ ಕಲ್ಲು ಯಾರದೋ ಅವರಿಗೆ, ಎದುರಾಳಿಯ ಅತಿ ಹತ್ತಿರದ ಕಲ್ಲಿಗಿಂತ ಒಳಗಿರುವ ಪ್ರತಿ ಕಲ್ಲಿಗೂ ಒಂದೊಂದು.

ಎಂಡ್‌ನ ಕೊನೆಯ ಕಲ್ಲು ‘ಹ್ಯಾಮರ್’. ಅಂಕ ಗಳಿಸಿದವರು ಮುಂದಿನ ಎಂಡ್‌ನಲ್ಲಿ ಹ್ಯಾಮರ್ ಬಿಟ್ಟುಕೊಡಬೇಕು. ಯಾರಿಗೂ ಅಂಕ ಬರದಿದ್ದರೆ ಅದು ಇದ್ದವರಲ್ಲೇ ಉಳಿಯುತ್ತದೆ. ಹಾಗಾಗಿ ಹ್ಯಾಮರ್ ಇಟ್ಟುಕೊಂಡು ಒಂದೇ ಅಂಕ ತೆಗೆದರೆ ಅದು ಅರ್ಧ ಸೋಲು. ಕೆಲವೊಮ್ಮೆ ಕೈಗೆ ಸಿಕ್ಕ ಒಂದನ್ನು ಬೇಕೆಂದೇ ಬಿಟ್ಟು, ಮನೆ ಖಾಲಿ ಮಾಡಿ ಹ್ಯಾಮರ್ ಉಳಿಸಿಕೊಳ್ಳುತ್ತಾರೆ. ಹ್ಯಾಮರ್ ಇರುವವರ ಗುರಿ ಎರಡು, ಇಲ್ಲದವರ ಗುರಿ ಅವರನ್ನು ಒಂದಕ್ಕೆ ಕಟ್ಟಿಹಾಕುವುದು ಅಥವಾ ಹ್ಯಾಮರ್ ಇಲ್ಲದೆಯೂ ತಾವೇ ಅಂಕ ಕದಿಯುವುದು. ಈಗಿನ ನಿಯಮದಲ್ಲಿ ಎಂಡ್‌ನ ಮೊದಲ ಐದು ಕಲ್ಲು ಮುಗಿಯುವವರೆಗೆ, ಮನೆಯ ಮುಂದೆ ಕಾವಲು ನಿಂತ ಎದುರಾಳಿಯ ಕಲ್ಲನ್ನು ಹೊಡೆದು ಹೊರಹಾಕುವಂತಿಲ್ಲ. ಈ ಒಂದು ನಿಯಮದಿಂದಲೇ ಮನೆಯೊಳಗೆ ಕಲ್ಲು ತುಂಬುತ್ತದೆ, ಲೆಕ್ಕಾಚಾರ ಬಿಗಿಯುತ್ತದೆ. ಯೋಚನೆಗೂ ಗಡುವುಂಟು: 10 ಎಂಡ್‌ಗೆ ತಂಡಕ್ಕೆ 38 ನಿಮಿಷ.

2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನ ಕಂಚಿನ ಪಂದ್ಯದಲ್ಲಿ ಈವ್ ಕೈಯಲ್ಲಿ ಇದ್ದದ್ದು ಇಂಥದ್ದೇ ಕಲ್ಲು. ಜಪಾನ್ 4-3ರಿಂದ ಮುಂದೆ, ಕೊನೆಯ ಎಂಡ್, ಹ್ಯಾಮರ್ ಬ್ರಿಟನ್‌ನದು. ಒಂದು ಅಂಕಕ್ಕೆ ಆಡಿದರೆ ಸಮ, ಹೆಚ್ಚುವರಿ ಎಂಡ್, ಅದರಲ್ಲಿ ಹ್ಯಾಮರ್ ಜಪಾನಿಗೆ. ಎರಡಕ್ಕೆ ಆಡಿದರೆ ಅಲ್ಲೇ ಗೆಲುವು. ಅವಳು ಎರಡಕ್ಕೆ ಆಡಿದಳು. ಕಲ್ಲುಗಳು ಬಯಸಿದಂತೆ ಚದುರದೆ ಜಪಾನಿನ ಕಲ್ಲೇ ಬಟನ್ ಹತ್ತಿರ ಉಳಿಯಿತು, 5-3. ಸೋತದ್ದರಿಂದ ನಿರ್ಧಾರ ತಪ್ಪಾಗಿ ಕಾಣುತ್ತದೆ. ಆದರೆ ಹ್ಯಾಮರ್ ಇಲ್ಲದ ಹೆಚ್ಚುವರಿ ಎಂಡ್ ಗೆಲ್ಲುವುದು ಎಷ್ಟು ವಿರಳ ಎಂದು ಬಲ್ಲವರು ಅದನ್ನು ದುಡುಕು ಅನ್ನಲಾರರು.

ಬೀಜಿಂಗ್‌ನ ದಾರಿಯೂ ನೇರವಿರಲಿಲ್ಲ. 2021ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅರ್ಹತೆ ತಪ್ಪಿತು. ಒಂಬತ್ತು ಆಟಗಾರ್ತಿಯರ ಗುಂಪು ಮಾಡಿ ಅದರಿಂದ ಹೊಸ ತಂಡ ಕಟ್ಟಿದರು: ಈವ್ ಜೊತೆ ವಿಕಿ ರೈಟ್, ಜೆನಿಫರ್ ಡಾಡ್ಸ್, ಹೇಲಿ ಡಫ್, ಮೀಸಲಿಗೆ ಮಿಲಿ ಸ್ಮಿತ್. ಆ ಡಿಸೆಂಬರ್‌ನಲ್ಲಿ ನೆದರ್‌ಲೆಂಡ್ಸ್‌ನ ಅರ್ಹತಾ ಪಂದ್ಯಾವಳಿಯಿಂದ ಕೊನೇ ಗಳಿಗೆಯಲ್ಲಿ ಜಾಗ ಸಿಕ್ಕಿತು. ಅಲ್ಲಿಂದ ಮುಂದೆ, ಮೊದಲೇ ಹೇಳಿದಂತೆ, ಅಳತೆಪಟ್ಟಿ ಕಾಪಾಡಿತು. 2022ರ ಆಗಸ್ಟ್‌ನಲ್ಲಿ, 32ರ ವಯಸ್ಸಿಗೆ, ಈವ್ ನಿವೃತ್ತಳಾದಳು.

ಮೊದಲ ದಿನ

ಕೆನಡಾದಲ್ಲಿ ಚಿಕ್ಕ ಮಕ್ಕಳ ತರಬೇತಿಗೆ ‘ಲಿಟ್ಲ್ ರಾಕ್ಸ್’ ಎಂದು ಹೆಸರು, ಕಲ್ಲಿನ ತೂಕ ದೊಡ್ಡವರದರ ಅರ್ಧದಷ್ಟು. ಟೊರಾಂಟೊ, ಕ್ಯಾಲ್ಗರಿ ಕಡೆ ನೆಲೆಸಿದ ಕನ್ನಡದ ಮನೆಯವರು ಮಕ್ಕಳನ್ನು ಕಳಿಸುವುದಿದ್ದರೆ ಮೊದಲ ದಿನಕ್ಕೆ ದುಬಾರಿ ಸಾಮಾನು ಕೊಳ್ಳಬೇಕಿಲ್ಲ. ಹೊರಗೆ ಹಾಕದ, ಅಡಿ ಶುಚಿಯಾದ ರಬ್ಬರ್ ಬೂಟು ಮುಖ್ಯ, ಬೀದಿಯ ಮರಳಿನ ಒಂದು ಕಣ ಸಾಕು ಪೆಬಲ್ ಕೆಡಿಸಲು. ಮೊಣಕಾಲು ಪೂರಾ ಮಡಚುವಂಥ ಹಿಗ್ಗುವ ಪ್ಯಾಂಟು ಇರಲಿ, ಜೀನ್ಸ್ ಬೇಡ. ಹೆಲ್ಮೆಟ್ ಬೇಕೇ ಬೇಕು, ಯಾಕೆಂದರೆ ಐಸ್‌ನಲ್ಲಿ ಕಾಲು ಜಾರಿದರೆ ಮಕ್ಕಳು ಹಿಂದಕ್ಕೆ ಬೀಳುತ್ತಾರೆ, ಪೆಟ್ಟು ತಲೆಯ ಹಿಂಬದಿಗೆ. ಕಲ್ಲು ತನ್ನತ್ತ ಬಂದರೆ ಕಾಲಿಂದ ತಡೆಯಲು ಹೋಗಬಾರದು, ಎತ್ತಲೂ ಹೋಗಬಾರದು ಎಂದು ಮನೆಯಲ್ಲೇ ಹೇಳಿ ಕಳಿಸಿ.

ಮೊದಲ ದಿನ ಹೆಚ್ಚಿನ ಮಕ್ಕಳ ಕಲ್ಲು ಆಚೆಯ ಹಾಗ್ ಲೈನ್ ಮುಟ್ಟುವುದಿಲ್ಲ. ನಿಯಮದ ಪ್ರಕಾರ ಅಂಥ ಕಲ್ಲನ್ನು ಪಕ್ಕಕ್ಕೆ ಸರಿಸಿ ಆಟದಿಂದ ತೆಗೆಯಬೇಕು. ತರಬೇತುದಾರರು ತೆಗೆಯದೆ ಅದು ನಿಂತಲ್ಲೇ ಐಸ್‌ಗೊಂದು ಗುರುತು ಹಾಕಿ, ಮುಂದಿನ ಕಲ್ಲು ಅದನ್ನು ದಾಟುತ್ತದೋ ನೋಡು ಅನ್ನುವುದು ಒಳ್ಳೆಯದು.